ಆಟಕ್ಕುಂಟು, ಲೆಕ್ಕಕ್ಕಿಲ್ಲ: ಸೋಫಿಯಾ, ಕ್ಲೆಪ್ ಹಿಡಿದು ಅಮೆರಿಕದಲ್ಲಿ ಡಿಗ್ರಿ ಮುಗಿಸಿದ ಅನುಭವ

15 ಕ್ರೆಡಿಟ್‌ಗಳ, ಅಂದರೆ ಕೋರ್ಸ್ ಪಾಸಾದರೆ ಡಿಗ್ರಿಯ ಲೆಕ್ಕಕ್ಕೆ ಸಿಗುವ ಪಾಯಿಂಟ್‌ಗಳ, ವಿಷಯ ಮೊದಲು ಹೇಳಿಬಿಡುತ್ತೇನೆ. ಅದನ್ನು ಹೇಳದೆ ಉಳಿದದ್ದು ಬರೆಯಲು ಮನಸ್ಸು ಬರುತ್ತಿಲ್ಲ. ಸೋಫಿಯಾ ಎಂಬ ಆನ್‌ಲೈನ್ ತಾಣದಲ್ಲಿ ಐದು ಕೋರ್ಸ್ ಓದಿದೆ. ಐದರಲ್ಲೂ ಪಾಸಾದೆ. ಕಾಲೇಜು ಐದನ್ನೂ ಒಪ್ಪಿಕೊಂಡಿತು. ಆದರೆ ಡಿಗ್ರಿಗೆ ಬೇಕಾದ 120 ಕ್ರೆಡಿಟ್‌ಗಳಲ್ಲಿ ಅವು ಒಂದೂ ಸೇರಲಿಲ್ಲ.

ಚಿಕ್ಕವರಿದ್ದಾಗ ಲಗೋರಿ ಆಡುವಾಗ ನನ್ನ ಪುಟ್ಟ ತಮ್ಮನನ್ನು ಸೇರಿಸಿಕೊಳ್ಳುತ್ತಿದ್ದೆವು, ಅಳದಿರಲಿ ಅಂತ. ಅವನೂ ಎಲ್ಲರ ಜೊತೆ ಓಡುತ್ತಿದ್ದ, ಬೆವರುತ್ತಿದ್ದ. ಚೆಂಡು ಅವನಿಗೆ ಬಿದ್ದರೂ ಒಂದೇ, ಬೀಳದಿದ್ದರೂ ಒಂದೇ. ಆಟಕ್ಕುಂಟು, ಲೆಕ್ಕಕ್ಕಿಲ್ಲ. ನನ್ನ ಆ ಐದು ಕೋರ್ಸುಗಳೂ ಹಾಗೇ ಆದವು.

ನಾನು ಹಾಸನದವಳು. ಬಿಕಾಂ ಎರಡನೇ ವರ್ಷ ಮುಗಿದ ಕೂಡಲೇ 2004ರಲ್ಲಿ ಮದುವೆಯಾಯಿತು. ಓದು ಅಲ್ಲಿಗೇ ನಿಂತಿತು. ಈಗ ನ್ಯೂಜೆರ್ಸಿಯಲ್ಲಿ ಒಂದು ಹಲ್ಲಿನ ಕ್ಲಿನಿಕ್‌ನಲ್ಲಿ ಬಿಲ್ಲಿಂಗ್ ನೋಡಿಕೊಳ್ಳುತ್ತೇನೆ. ಕೆಲಸ ಎಲ್ಲ ಗೊತ್ತು, ಹೊಸಬರಿಗೆ ಕಲಿಸುವವಳೂ ನಾನೇ. ಆದರೆ ಸೂಪರ್‌ವೈಸರ್ ಹುದ್ದೆಗೆ ಡಿಗ್ರಿ ಬೇಕು. ಸಾಲ ಮಾಡಿ ಓದುವುದಿಲ್ಲ ಅಂತ ಮೊದಲೇ ತೀರ್ಮಾನಿಸಿದ್ದೆ. ನನ್ನ ಸಂಬಳದಲ್ಲಿ ಉಳಿಸಿಟ್ಟಿದ್ದು 5,000 ಡಾಲರ್. ಅಷ್ಟರಲ್ಲೇ ಮುಗಿಯಬೇಕು. ನಮ್ಮ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಒಂದು ವರ್ಷದ ಶುಲ್ಕಕ್ಕೂ ಅದು ಸಾಲದು.

ಇಲ್ಲಿ ಕಾಲೇಜಿನ ಹೊರಗೆ ಕಲಿತದ್ದಕ್ಕೂ ಕ್ರೆಡಿಟ್ ಸಿಗುತ್ತದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಸೈನಿಕರ ತರಬೇತಿಯನ್ನು ಕಾಲೇಜಿನ ಪಾಠಕ್ಕೆ ಹೊಂದಿಸಿ ನೋಡುವ ಪದ್ಧತಿ ಬಂತು. ಅದನ್ನು ಮಾಡಿದ ಅಮೆರಿಕನ್ ಕೌನ್ಸಿಲ್ ಆನ್ ಎಜುಕೇಷನ್, ಅಂದರೆ ಎಸಿಇ, ಈಗ ಸೋಫಿಯಾ, ಸ್ಟಡಿ ಡಾಟ್ ಕಾಮ್ ಥರದ ಆನ್‌ಲೈನ್ ಕೋರ್ಸುಗಳನ್ನೂ ನೋಡಿ 'ಇದಕ್ಕೆ ಮೂರು ಕ್ರೆಡಿಟ್ ಕೊಡಬಹುದು' ಎಂದು ಶಿಫಾರಸು ಮಾಡುತ್ತದೆ. ಗಮನಿಸಿ, ಬರೀ ಶಿಫಾರಸು. ಕೊಡುವುದು ಬಿಡುವುದು ಕಾಲೇಜಿನ ಕೈಯಲ್ಲಿದೆ. ಕ್ಲೆಪ್ ಬೇರೆ ದಾರಿ. ಕಾಲೇಜ್ ಬೋರ್ಡ್ 1967ರಿಂದ ನಡೆಸುತ್ತಿರುವ ಪರೀಕ್ಷೆ ಅದು. ಎಲ್ಲಿ ಓದಿದೆ, ಹೇಗೆ ಓದಿದೆ ಅಂತ ಕೇಳುವುದಿಲ್ಲ. ಪರೀಕ್ಷೆ ಬರೆದು ಪಾಸಾದರೆ ಆಯಿತು.

 ಇವೆರಡನ್ನೂ ನಾನು ಬಳಸಿದ್ದು ಹೇಗೆ ಅನ್ನುವುದನ್ನು ಹೇಳುತ್ತೇನೆ.

2023ರ ಮೇನಿಂದ ಅಕ್ಟೋಬರ್‌ವರೆಗೆ ಆರು ತಿಂಗಳು ಸೋಫಿಯಾ. ತಿಂಗಳಿಗೆ 99 ಡಾಲರ್, ಒಟ್ಟು 14 ಕೋರ್ಸ್. ರಾತ್ರಿ ಮಲಗುವ ಮುಂಚೆ ಫಿಲ್ಟರ್‌ಗೆ ಪುಡಿ ಹಾಕಿ ಬಿಸಿನೀರು ಸುರಿದಿಡುತ್ತಿದ್ದೆ. ಬೆಳಗ್ಗೆ ನಾಲ್ಕೂವರೆಗೆ ಎದ್ದರೆ ಡಿಕಾಕ್ಷನ್ ಇಳಿದಿರುತ್ತಿತ್ತು. ಹಾಲು ಒಂದು ಕುದಿ ಬಂದ ಕೂಡಲೇ ಒಲೆ ಆರಿಸಿ, ಲೋಟ ಹಿಡಿದು ಊಟದ ಟೇಬಲ್ಲಿನ ಕಿಟಕಿ ಪಕ್ಕದ ಕುರ್ಚಿಗೆ. ಮಗನ ನಾಲ್ಕನೇ ಕ್ಲಾಸಿನ ನೋಟ್‌ಬುಕ್‌ಗಳಲ್ಲಿ ಅರ್ಧ ಹಾಳೆ ಖಾಲಿ ಇದ್ದವು, ಅವನ್ನೇ ತೆಗೆದುಕೊಂಡಿದ್ದೆ. ಒಂದು ಪುಟದಲ್ಲಿ ಅವನ ಭಾಗಾಕಾರ, ಪಕ್ಕದಲ್ಲಿ ನನ್ನ ಸ್ಟ್ಯಾಂಡರ್ಡ್ ಡೀವಿಯೇಷನ್.

ಸೋಫಿಯಾದಲ್ಲಿ ಪಾಠ ಚಿಕ್ಕ ಚಿಕ್ಕ ತುಂಡುಗಳಲ್ಲಿ ಇರುತ್ತದೆ. ತುಂಡು ಮುಗಿದ ಮೇಲೆ ಚಾಲೆಂಜ್ ಅಂತ ಕೆಲವು ಪ್ರಶ್ನೆಗಳು. ತಪ್ಪಾದರೆ ಇನ್ನೊಮ್ಮೆ ಪ್ರಯತ್ನಿಸಬಹುದು. ಘಟಕದ ಕೊನೆಗೆ ಮೈಲ್‌ಸ್ಟೋನ್, ಅದು ಸ್ವಲ್ಪ ದೊಡ್ಡ ಪರೀಕ್ಷೆ. ಕೆಲವು ಕೋರ್ಸುಗಳಲ್ಲಿ ಟಚ್‌ಸ್ಟೋನ್ ಎಂಬ ಪ್ರಬಂಧ ಬರೆದು ಕಳಿಸಬೇಕು, ಮನುಷ್ಯರೇ ಓದಿ ಅಂಕ ಕೊಡುತ್ತಾರೆ. ಒಂದು ಸಲಕ್ಕೆ ಎರಡೇ ಕೋರ್ಸ್ ತೆರೆಯಬಹುದು. ಅದಕ್ಕೇ ಪ್ರಬಂಧ ಇರುವ ಒಂದು, ಇಲ್ಲದ ಒಂದು ಅಂತ ಜೋಡಿ ಮಾಡಿಕೊಳ್ಳುತ್ತಿದ್ದೆ. ಅದರ ಅಂಕ ಬರುವಷ್ಟರಲ್ಲಿ ಇದು ಅರ್ಧ ಮುಗಿದಿರುತ್ತಿತ್ತು. ಆರೂವರೆಗೆ ಲ್ಯಾಪ್‌ಟಾಪ್ ಮುಚ್ಚಿ ಮಗನ ಡಬ್ಬಿಗೆ ಚಪಾತಿ ಲಟ್ಟಿಸಲು ಹೋಗುತ್ತಿದ್ದೆ. ಆ ಎರಡು ಗಂಟೆ ಪೂರ್ತಿ ನನ್ನದು. ಮದುವೆಯಾಗಿ ಇಷ್ಟು ವರ್ಷದಲ್ಲಿ ನನಗಂತ ಒಂದು ಹೊತ್ತು ಹೀಗೆ ಇದ್ದದ್ದು ಇದೇ ಮೊದಲು.

ಕ್ಲೆಪ್ ಇದಕ್ಕಿಂತ ಖುಷಿ ಕೊಟ್ಟಿತು. ಆಗ ಒಂದು ಪರೀಕ್ಷೆಗೆ 93 ಡಾಲರ್. ಮಾಡರ್ನ್ ಸ್ಟೇಟ್ಸ್ ಎಂಬ ಸಂಸ್ಥೆಯಲ್ಲಿ ಆ ವಿಷಯದ ಪಾಠ ಪುಕ್ಕಟೆ. ಪೂರ್ತಿ ಮುಗಿಸಿದರೆ ಪರೀಕ್ಷೆ ಶುಲ್ಕದ ವೋಚರ್ ಅವರೇ ಕೊಡುತ್ತಾರೆ. ಹೀಗೂ ಉಂಟಾ ಅಂತ ಮೂರು ಸಲ ಓದಿ ನೋಡಿದ್ದೆ. ಉಂಟು. ನನ್ನ ಕೈಯಿಂದ ಹೋಗಿದ್ದು ಪರೀಕ್ಷಾ ಕೇಂದ್ರದ 30 ಡಾಲರ್ ಮಾತ್ರ. ಬಿಸಿನೆಸ್ ಲಾ, ಮ್ಯಾನೇಜ್‌ಮೆಂಟ್, ಮಾರ್ಕೆಟಿಂಗ್, ಮೂರನ್ನೂ ಹಾಗೇ ಬರೆದೆ.

ಮೊದಲ ಪರೀಕ್ಷೆ ಬಿಸಿನೆಸ್ ಲಾ, ನವೆಂಬರ್‌ನ ಒಂದು ಶನಿವಾರ. ಕೈಗಡಿಯಾರ, ಫೋನ್, ಕೋಟು ಎಲ್ಲ ಲಾಕರ್‌ಗೆ. ಬಳೆ ತೆಗೆಯಲು ಹೇಳುತ್ತಾರೇನೋ ಅಂತ ಮನೆಯಲ್ಲೇ ಬಿಚ್ಚಿಟ್ಟು ಹೋಗಿದ್ದೆ, ಬರೀ ಕೈ ನೋಡಿಕೊಂಡಾಗ ಏನೋ ಕಳೆದುಹೋದ ಹಾಗಿತ್ತು. 90 ನಿಮಿಷ. ಸುತ್ತ ನನ್ನ ಮಗನಿಗಿಂತ ಐದಾರು ವರ್ಷ ದೊಡ್ಡ ಮಕ್ಕಳು. ಕೊನೆಯ ಪ್ರಶ್ನೆ ಮುಗಿಸಿ ಬಟನ್ ಒತ್ತಿದರೆ ಅಂಕ ಅಲ್ಲೇ ಬರುತ್ತದೆ. 20ರಿಂದ 80ರವರೆಗೆ ಅಂಕ, 50 ಬಂದರೆ ಎಸಿಇ ಪ್ರಕಾರ ಪಾಸ್. ನಾನು ಕಣ್ಣು ಮುಚ್ಚಿಕೊಂಡೇ ಒತ್ತಿದೆ. ತೆರೆದಾಗ 61. ಕಾರಿಗೆ ಬಂದು ಅಮ್ಮನಿಗೆ ಫೋನ್ ಮಾಡಿದೆ. ಹಾಸನದಲ್ಲಿ ರಾತ್ರಿ ಹತ್ತು ದಾಟಿತ್ತು. ‘ಯಾಕೆ, ಏನಾಯ್ತು?’ ಅಂತ ಗಾಬರಿಯಾದಳು. ‘ಪಾಸಾದೆ ಅಮ್ಮ’ ಅಂದೆ. ಅಮ್ಮ ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ.

ಕ್ಲೆಪ್‌ನಲ್ಲಿ ಭಾಷೆ ಅಂದರೆ ಸ್ಪ್ಯಾನಿಷ್, ಫ್ರೆಂಚ್, ಜರ್ಮನ್ ಮಾತ್ರ. ಕನ್ನಡಕ್ಕೂ ಒಂದು ಪರೀಕ್ಷೆ ಇದ್ದಿದ್ದರೆ ನಮ್ಮ ಊರಿನ ಎಷ್ಟು ಹೆಣ್ಣುಮಕ್ಕಳಿಗೆ ದಾರಿ ಸುಲಭವಾಗುತ್ತಿತ್ತು ಅಲ್ವಾ?

ಇಲ್ಲಿಯವರೆಗೆ ಎಲ್ಲ ಚೆನ್ನಾಗಿತ್ತು. ಇನ್ನು ಕಾಲೇಜಿನ ಕಥೆ. ಹೆಸರು ಹಾಕುವುದಿಲ್ಲ, ಮಾನ್ಯತೆ ಇರುವ ಕಾಲೇಜೇ. ಒಂದು ಅವಧಿಗೆ ಒಂದೇ ಶುಲ್ಕ, ಅಷ್ಟರಲ್ಲಿ ಎಷ್ಟು ಕೋರ್ಸ್ ಮುಗಿಸಿದರೂ ಸರಿ. ಹೊರಗಿನಿಂದ 90 ಕ್ರೆಡಿಟ್‌ವರೆಗೆ ತರಬಹುದು. ನನ್ನ ಬಿಕಾಂ ಅಂಕಪಟ್ಟಿಗಾಗಿ ತಮ್ಮ ಮೈಸೂರು ವಿಶ್ವವಿದ್ಯಾಲಯದ ಕಚೇರಿ ಇರುವ ಕ್ರಾಫರ್ಡ್ ಹಾಲ್‌ಗೆ ಹೋಗಿ ಅರ್ಜಿ ಹಾಕಿ, ಮೊಹರು ಹಾಕಿದ ಲಕೋಟೆಯಲ್ಲಿ ಕಳಿಸುವ ವ್ಯವಸ್ಥೆ ಮಾಡಿದ. ಹೌದು, ಲಗೋರಿಯ ಅದೇ ತಮ್ಮ. ಮೌಲ್ಯಮಾಪನದಲ್ಲಿ ಅದಕ್ಕೆ 42 ಕ್ರೆಡಿಟ್ ಬಂತು. ಹಾಸನದಲ್ಲಿ ಓದಿದ ಕನ್ನಡ ಪತ್ರಿಕೆಗೂ ಇಲ್ಲಿ ಕ್ರೆಡಿಟ್ ಸಿಕ್ಕಿತು ಅಂತ ನೋಡಿ ಕಣ್ಣಲ್ಲಿ ನೀರು ಬಂತು.

42 ಹಾಸನದ್ದು, 42 ಸೋಫಿಯಾದ್ದು, 9 ಕ್ಲೆಪ್‌ನದು. ಒಟ್ಟು 93. ಮೂರು ಜಾಸ್ತಿಯೇ ಇತ್ತು. ಉಳಿದ 30 ಕ್ರೆಡಿಟ್‌ಗೆ ಕಾಲೇಜಿನಲ್ಲಿ ಬರೀ 10 ಕೋರ್ಸ್, ಎರಡು ಅವಧಿ, ಮುಗಿಯಿತು ಅಂದುಕೊಂಡಿದ್ದೆ. ಸೋಫಿಯಾ ಶುರು ಮಾಡುವ ಮುಂಚೆ ಆ ಕಾಲೇಜಿಗೆ ಫೋನ್ ಮಾಡಿ ಕೇಳಿಯೂ ಇದ್ದೆ. ‘ಈ ಎಲ್ಲ ಕೋರ್ಸುಗಳೂ ಟ್ರಾನ್ಸ್‌ಫರ್ ಆಗುತ್ತವೆ’, ಅಂದರೆ ನಾವು ಒಪ್ಪಿಕೊಳ್ಳುತ್ತೇವೆ, ಅಂದಿದ್ದರು.

ಅರ್ಜಿ ಹಾಕಿ ಏಳು ವಾರ ಆದ ಮೇಲೆ, 2024ರ ಮಾರ್ಚ್‌ನಲ್ಲಿ ವರದಿ ಬಂತು. ಮಗನ ಈಜು ಕ್ಲಾಸಿನ ಹೊರಗೆ ಕಾರಿನಲ್ಲಿ ಕೂತು ಫೋನಿನಲ್ಲೇ ತೆರೆದೆ. ಮೇಲೆಲ್ಲ ಹಸಿರು ಗುರುತು. ಖುಷಿಯಿಂದ ಬೆರಳಲ್ಲಿ ಸರಿಸುತ್ತಾ ಹೋದೆ. ಕೊನೆಯಲ್ಲಿ ಬೂದು ಬಣ್ಣದ ಒಂದು ಡಬ್ಬಿ. ಅದರೊಳಗೆ ಐದು ಸಾಲು. ಎಲ್ಲದರ ಮುಂದೆ ‘ಟ್ರಾನ್ಸ್‌ಫರ್ ಆಗಿದೆ’, ಅದರ ಕೆಳಗೇ ‘ಪದವಿಗೆ ಅನ್ವಯಿಸುವುದಿಲ್ಲ’.

ಫೈನಾನ್ಶಿಯಲ್ ಅಕೌಂಟಿಂಗ್, ಮೈಕ್ರೋ, ಮ್ಯಾಕ್ರೋ ಎಕನಾಮಿಕ್ಸ್: ಈ ಮೂರೂ ಹಾಸನದಲ್ಲೇ ಓದಿದ್ದಾಗಿತ್ತು, ಒಂದೇ ವಿಷಯಕ್ಕೆ ಎರಡು ಸಲ ಕ್ರೆಡಿಟ್ ಇಲ್ಲ. ಆರ್ಟ್ ಹಿಸ್ಟರಿ, ಎನ್ವಿರಾನ್ಮೆಂಟಲ್ ಸೈನ್ಸ್: ಇವು ಐಚ್ಛಿಕ ವಿಷಯಗಳು, ಆ ಜಾಗ ನನ್ನ ಭಾಷಾ ಪತ್ರಿಕೆಗಳಿಂದಲೇ ತುಂಬಿಹೋಗಿತ್ತು. ನಿಯಮ ತಪ್ಪು ಅಂತ ನಾನು ಹೇಳುವುದಿಲ್ಲ. ಫೋನಿನಲ್ಲಿ ಅವರು ಹೇಳಿದ್ದೂ ಸುಳ್ಳಲ್ಲ. ಟ್ರಾನ್ಸ್‌ಫರ್ ಆಗುವುದು ಬೇರೆ, ಡಿಗ್ರಿಗೆ ಸೇರುವುದು ಬೇರೆ. ಈ ಒಂದು ಮಾತನ್ನು ಆಗಲೇ ಹೇಳಿದ್ದರೆ ಸಾಕಿತ್ತು. ನಾನು ಕೇಳಿದ್ದು ಡಿಗ್ರಿ ಮುಗಿಸಲು ಅಂತ ಅವರಿಗೆ ಗೊತ್ತಿತ್ತು.

ದುಡ್ಡು ಹೋಗಿದ್ದು ದೊಡ್ಡದಲ್ಲ, ಸೋಫಿಯಾದ ಎರಡು ತಿಂಗಳ ಚಂದಾ. ನನಗೆ ಹೊಟ್ಟೆ ಉರಿದಿದ್ದು ಆ ಬೆಳಗುಗಳಿಗೆ. ಜ್ವರ ಇದ್ದರೂ ಎದ್ದ ಬೆಳಗುಗಳಿವೆ ಅದರಲ್ಲಿ. 10ರ ಬದಲು 14 ಕೋರ್ಸ್ ಕಾಲೇಜಿನಲ್ಲೇ ಮಾಡಬೇಕಾಯಿತು. ಎರಡು ಅವಧಿ ಮೂರಾಯಿತು. ಒಂದು ಅವಧಿಗೆ 1,900 ಡಾಲರ್. ಸೋಫಿಯಾ 594, ಕ್ಲೆಪ್ ಕೇಂದ್ರಗಳಿಗೆ 90, ಅಂಕಪಟ್ಟಿ ಮತ್ತು ಮೌಲ್ಯಮಾಪನಕ್ಕೆ 260, ಕಾಲೇಜಿಗೆ 5,700. ಒಟ್ಟು 6,644. ಎರಡೇ ಅವಧಿಗೆ ಮುಗಿದಿದ್ದರೆ 4,744ಕ್ಕೆ ಆಗುತ್ತಿತ್ತು, ಇಟ್ಟುಕೊಂಡ 5,000ದೊಳಗೆ. ಮೇಲಿನದನ್ನು ನಮ್ಮ ಮನೆಯವರು ಕೊಟ್ಟರು, ಒಂದು ಮಾತೂ ಆಡದೆ. ಆದರೂ ನನ್ನದೇ ದುಡ್ಡಲ್ಲಿ ಓದುತ್ತೇನೆ ಅಂದುಕೊಂಡಿದ್ದು ತಪ್ಪಿತಲ್ಲ ಅಂತ ಇವತ್ತಿಗೂ ಬೇಜಾರಿದೆ.

ಆ ಐದರಲ್ಲಿ ಆರ್ಟ್ ಹಿಸ್ಟರಿಯನ್ನು ಮಾತ್ರ ನಾನು ಯಾವತ್ತೂ ಬೈಯುವುದಿಲ್ಲ. ಅದನ್ನು ಓದಿದ್ದು 2023ರ ಸೆಪ್ಟೆಂಬರ್‌ನಲ್ಲಿ. ಒಂದು ಬೆಳಗ್ಗೆ ಫ್ರಾನ್ಸಿನ ಗಾಥಿಕ್ ಚರ್ಚುಗಳ ಪಾಠ. ಶಾರ್ತ್ರ್ ಎಂಬ ಊರಿನ ಚರ್ಚು 1194ರಲ್ಲಿ ಸುಟ್ಟುಹೋಗಿ, ಮತ್ತೆ ಕಟ್ಟಿದರು ಅಂತ ಓದಿದೆ. ತಕ್ಷಣ ನೆನಪಾದದ್ದು ಬೇಲೂರು. ವಿಷ್ಣುವರ್ಧನನ ಕಾಲದ ಚೆನ್ನಕೇಶವ ದೇವಸ್ಥಾನ 1117ರದು, ಅಂದರೆ ಆ ಬೆಂಕಿಗೂ 77 ವರ್ಷ ಮುಂಚೆ. ಅದು ನಮ್ಮ ಮನೆಯಿಂದ ಬಸ್ಸಿನಲ್ಲಿ ಒಂದು ಗಂಟೆಯ ದಾರಿ. ಸ್ಕೂಲ್ ಟ್ರಿಪ್‌ಗೆ ಹೋದಾಗ ಸಾಲಿನಲ್ಲಿ ನಿಂತು ಸುಮ್ನೆ ನೋಡಿಕೊಂಡು ಬಂದಿದ್ದೆ, ಅಷ್ಟೇ. ಈಗ ಕಂಬದ ಬುಡ, ಬಾಗಿಲ ಮೇಲಿನ ಕೆತ್ತನೆ, ಬೆಳಕು ಎಲ್ಲಿಂದ ಒಳಗೆ ಬರುತ್ತದೆ ಅಂತ ನೋಡುವುದನ್ನು ಅಮೆರಿಕದ ಒಂದು ಆನ್‌ಲೈನ್ ಕೋರ್ಸು ಕಲಿಸುತ್ತಿತ್ತು. ಅದೇ ತಿಂಗಳು ಬೇಲೂರು, ಹಳೇಬೀಡು, ಸೋಮನಾಥಪುರ ಯುನೆಸ್ಕೋ ಪಟ್ಟಿಗೆ ಸೇರಿದವು. ತಮ್ಮ ಕಳಿಸಿದ ಫೋಟೋಗಳನ್ನು ದೊಡ್ಡದು ಮಾಡಿ, ಮದನಿಕೆಯರ ಪಾದದ ಕೆಳಗಿನ ಕೆತ್ತನೆಯನ್ನು ಪೆನ್ಸಿಲ್‌ನಲ್ಲಿ ಬರೆದುಕೊಂಡೆ, ಮಗನ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ. ಕಾಲೇಜಿನ ಲೆಕ್ಕದಲ್ಲಿ ಆ ಕೋರ್ಸ್‌ಗೆ ಬೆಲೆ ಇಲ್ಲ. ನನಗೆ 14ರಲ್ಲಿ ಅದೇ ಹೆಚ್ಚು.

2025ರ ಶುರುವಿನಲ್ಲಿ ಡಿಗ್ರಿ ಬಂತು. ಸೂಪರ್‌ವೈಸರ್ ಕೆಲಸವೂ ಸಿಕ್ಕಿತು. ಹಾಗಾಗಿ ಯಾರಾದರೂ ಕೇಳಿದರೆ, ಮಾಡಿ ಅಂತಲೇ ಹೇಳುತ್ತೇನೆ. ಆದರೆ ಊರಿಗೆ ವಾಪಸ್ ಹೋಗಿ ಸರ್ಕಾರಿ ಕೆಲಸ ನೋಡುವವರು ಮೊದಲು ವಿಚಾರಿಸಿ. ವಿದೇಶದ ಆನ್‌ಲೈನ್ ಡಿಗ್ರಿಗೆ ಭಾರತದಲ್ಲಿ ಸಮಾನತೆ ಪತ್ರ ಸಿಗುವುದು ಕಷ್ಟ. ಸೋಫಿಯಾ, ಕ್ಲೆಪ್ ಎರಡರಲ್ಲೂ ಹೆಚ್ಚಿನವು ಮೊದಲ ಎರಡು ವರ್ಷದ ಮಟ್ಟದ ವಿಷಯಗಳು. ಮೇಲಿನ ಹಂತದ ಕ್ರೆಡಿಟ್ ಅಲ್ಲಿ ಹೆಚ್ಚು ಸಿಗುವುದಿಲ್ಲ, ಅದನ್ನು ಕಾಲೇಜಿನಲ್ಲೇ ಓದಬೇಕು. ಕ್ಲೆಪ್‌ನಲ್ಲಿ ಫೇಲಾದರೆ ಅದೇ ವಿಷಯ ಮತ್ತೆ ಬರೆಯಲು ಮೂರು ತಿಂಗಳು ಕಾಯಬೇಕು, ಆತುರ ಇದ್ದವರು ಅದನ್ನೂ ಲೆಕ್ಕ ಹಾಕಿಕೊಳ್ಳಿ. ಯಾವ ಕಾಲೇಜಿಗೂ ‘ಟ್ರಾನ್ಸ್‌ಫರ್ ಆಗುತ್ತಾ’ ಅಂತ ಕೇಳಬೇಡಿ. ‘ನನ್ನ ಡಿಗ್ರಿಯ ಯಾವ ಸಾಲಿಗೆ ಈ ಕೋರ್ಸ್ ಕೂರುತ್ತದೆ’ ಅಂತ ಕೇಳಿ, ಉತ್ತರವನ್ನು ಬರವಣಿಗೆಯಲ್ಲಿ ತರಿಸಿಕೊಳ್ಳಿ.

ಡಲ್ಲಾಸ್‌ನಲ್ಲಿರುವ ಗೆಳತಿಯೊಬ್ಬಳು ಈಗ ಇದೇ ದಾರಿ ಹಿಡಿಯುತ್ತಿದ್ದಾಳೆ, ಅವಳದು ದಾವಣಗೆರೆ, ಬಿಎಸ್ಸಿ ಒಂದೇ ವರ್ಷ ಓದಿದ್ದಾಳೆ. ‘ಅಕ್ಕ, ಸೋಮವಾರದಿಂದ ಸೋಫಿಯಾ ಶುರು ಮಾಡ್ಲಾ?’ ಅಂತ ಕೇಳಿದಳು. ಅವಳ ಹಳೇ ಅಂಕಪಟ್ಟಿ ಮತ್ತು ಓದಬೇಕೆಂದಿರುವ ಕೋರ್ಸುಗಳ ಪಟ್ಟಿ ಎರಡನ್ನೂ ಕಾಲೇಜಿಗೆ ಇಮೇಲ್ ಮಾಡಿಸಿದ್ದೇನೆ. ಉತ್ತರ ಬರುವವರೆಗೆ ಕಾರ್ಡ್ ನಂಬರ್ ಹಾಕಬೇಡ, ಆದರೆ ನಾಲ್ಕೂವರೆಗೆ ಏಳುವುದನ್ನು ಈಗಲೇ ಅಭ್ಯಾಸ ಮಾಡಿಕೋ ಅಂದಿದ್ದೇನೆ.