ಟೊಳ್ಳು ಮೂಳೆಯಲ್ಲಿ ಯಾವ ಸ್ಕ್ರೂ ನಿಲ್ಲುತ್ತೆ? ನಾನು ಬಳಸಿ ನೋಡಿದ ಮೂರು ದಾರಿ

ಬೆನ್ನುಮೂಳೆಗೆ ಹಾಕುವ ಸ್ಕ್ರೂ ಮಾರಲು ಬರುವವರ ಕೈಯಲ್ಲಿ ಒಂದು ಗ್ರಾಫ್ ಇದ್ದೇ ಇರುತ್ತದೆ. 'ಸರ್, ನಮ್ಮದರ ಪುಲ್ ಔಟ್ ಇಷ್ಟು, ಬೇರೆಯವರದ್ದು ಇಷ್ಟೇ' ಅಂತ. ಸ್ಕ್ರೂವನ್ನು ನೇರವಾಗಿ ಎಳೆದು ಕೀಳಲು ಎಷ್ಟು ಬಲ ಬೇಕು ಅನ್ನುವುದೇ ಪುಲ್ ಔಟ್. ಮೂವತ್ತರ ಹುಡುಗನ ಗಟ್ಟಿ ಮೂಳೆಗೆ ಯಾವ ಕಂಪನಿಯದ್ದು ಹಾಕಿದರೂ ನಡೆಯುತ್ತದೆ, ಗ್ರಾಫ್ ನೋಡುವ ಅಗತ್ಯವೇ ಬರುವುದಿಲ್ಲ. ತಲೆಬಿಸಿ ಶುರುವಾಗುವುದು ಎಪ್ಪತ್ತರ ಹತ್ತಿರದ ಅಮ್ಮಂದಿರು ಬಂದಾಗ. ಸೊಂಟದ ನಾಲ್ಕನೇ ಮೂಳೆ (ಎಲ್4) ಅದರ ಕೆಳಗಿನ ಐದನೆಯದರ (ಎಲ್5) ಮೇಲೆ ಮುಂದಕ್ಕೆ ಜಾರಿರುತ್ತದೆ. ನಾಲ್ಕು ಹೆಜ್ಜೆ ನಡೆದರೆ ಕಾಲು ಜೋಮು ಹಿಡಿಯುತ್ತದೆ. ಆಪರೇಷನ್ ಬೇಕೇ ಬೇಕು, ಆದರೆ ಮೂಳೆ ಟೊಳ್ಳು. 'ಡಾಕ್ಟ್ರೇ, ಈ ನಟ್ಟು ಬೋಲ್ಟು ಸಡಿಲ ಆಗಲ್ವಾ?' ಅಂತ ಅವರು ಕೇಳುವ ಪ್ರಶ್ನೆ ಆ ಗ್ರಾಫಿಗಿಂತ ಸರಿಯಾಗಿದೆ.

ಯಾಕೆಂದರೆ ಬೇಲಿಯ ಗೂಟವನ್ನು ಯಾರೂ ನೇರವಾಗಿ ಮೇಲಕ್ಕೆ ಎಳೆಯುವುದಿಲ್ಲ. ಆಚೆ ಈಚೆ ಅಲುಗಾಡಿಸುತ್ತಾರೆ, ಗುಂಡಿ ಅಗಲವಾಗುತ್ತದೆ, ಆಮೇಲೆ ಗೂಟ ತಾನಾಗಿ ಬರುತ್ತದೆ. ಬೆನ್ನಿನ ಸ್ಕ್ರೂ ಕೆಡುವುದೂ ಹೀಗೇ. ಎದ್ದಾಗ, ಕೂತಾಗ, ಬಗ್ಗಿದಾಗ ಸ್ಕ್ರೂ ಒಂಚೂರು ಮೇಲೆ ಕೆಳಗೆ ಅಲ್ಲಾಡುತ್ತದೆ. ಕೆಲವು ತಿಂಗಳ ನಂತರದ ಎಕ್ಸ್‌ರೇಯಲ್ಲಿ ಸ್ಕ್ರೂ ಸುತ್ತ ಒಂದು ಕಪ್ಪು ಗೆರೆ ಕಾಣಿಸುತ್ತದೆ. ಅದು ಕಂಡರೆ ಹಿಡಿತ ಹೋಗಿದೆ ಅಂತಲೇ ಅರ್ಥ.

ಒಂದು ವರ್ಕ್‌ಶಾಪ್‌ನಲ್ಲಿ ಈ ಎರಡನ್ನೂ ಕಣ್ಣಾರೆ ನೋಡಿದೆ. ಟೊಳ್ಳು ಮೂಳೆಯ ಬದಲಿಗೆ ಘನ ಮೀಟರಿಗೆ 160 ಕೆಜಿ ಸಾಂದ್ರತೆಯ ಫೋಮ್ ಬ್ಲಾಕ್ ಇಟ್ಟಿದ್ದರು. ಯಂತ್ರ ನಿಮಿಷಕ್ಕೆ 5 ಮಿಮೀ ವೇಗದಲ್ಲಿ ಸ್ಕ್ರೂವನ್ನು ಎಳೆಯಿತು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ, ಆಮೇಲೆ ಒಮ್ಮೆಲೇ ಕಿತ್ತು ಬಂತು. ಸ್ಕ್ರೂವಿನ ಸುರುಳಿ ಎಳೆಗಳ ಸಂದಿಯಲ್ಲೆಲ್ಲ ಫೋಮ್ ಪುಡಿ ತುಂಬಿಕೊಂಡಿತ್ತು. ಇನ್ನೊಂದು ಬ್ಲಾಕಿನಲ್ಲಿ ಅದೇ ಸ್ಕ್ರೂವಿನ ತಲೆಯನ್ನು ಕಡಿಮೆ ಬಲದಲ್ಲಿ ಮೇಲೆ ಕೆಳಗೆ ಆಡಿಸುತ್ತಾ ಬಿಟ್ಟರು. ಏನೂ ಮುರಿಯಲಿಲ್ಲ, ಸದ್ದೂ ಆಗಲಿಲ್ಲ. ಕೊನೆಗೆ ಬೆರಳಲ್ಲಿ ಮುಟ್ಟಿದರೆ ಸ್ಕ್ರೂ ಲೊಡ ಲೊಡ ಅನ್ನುತ್ತಿತ್ತು. ಅಂದಿನಿಂದ ಯಾವ ಹೊಸ ಸ್ಕ್ರೂ ತಂದರೂ ನಾನು ಮೊದಲು ಕೇಳುವುದು ಅಲ್ಲಾಡಿಸಿ ನೋಡಿದ ಲೆಕ್ಕವನ್ನು.

ಮೊದಲ ದಾರಿ ಎಲ್ಲರಿಗೂ ಗೊತ್ತಿರುವ ಮಾಮೂಲಿ ಪೆಡಿಕಲ್ ಸ್ಕ್ರೂ. ಫ್ರಾನ್ಸಿನ ರೇಮಂಡ್ ರೋಯ್-ಕಾಮಿಲ್ 1963ರಲ್ಲಿ ಶುರುಮಾಡಿದ ಪದ್ಧತಿ. ಸೊಂಟದ ಭಾಗದಲ್ಲಿ ನಾವು ಸಾಮಾನ್ಯವಾಗಿ 6.5 ಮಿಮೀ ದಪ್ಪ, 45 ಮಿಮೀ ಉದ್ದದ್ದನ್ನು ಬಳಸುತ್ತೇವೆ. ಹಿಡಿತದ ಸುಮಾರು 60 ಶೇಕಡಾ ಬೆನ್ನುಮೂಳೆಯ ಹಿಂಭಾಗವನ್ನು ಮುಂದಿನ ದಪ್ಪ ಭಾಗಕ್ಕೆ ಸೇರಿಸುವ ಪೆಡಿಕಲ್ ಎಂಬ ಕಿರಿದಾದ ಸೇತುವೆಯಿಂದಲೇ ಬರುತ್ತದೆ. ಹಾಗಾಗಿ ಉದ್ದ ಜಾಸ್ತಿ ಮಾಡುವುದಕ್ಕಿಂತ ಪೆಡಿಕಲ್ ತುಂಬುವಷ್ಟು ದಪ್ಪ ಆರಿಸುವುದು ಲಾಭ. ಸ್ಕ್ರೂಗೆ ಮೊದಲೇ ಮೂಳೆಯಲ್ಲಿ ಎಳೆ ಕೊರೆಯುವ ಟ್ಯಾಪ್ ಹಾಕುವಾಗ 1 ಮಿಮೀ ಸಣ್ಣದನ್ನು ಹಾಕುತ್ತೇನೆ, 6.5ರ ಸ್ಕ್ರೂಗೆ 5.5ರ ಟ್ಯಾಪ್. ಗಟ್ಟಿ ಮೂಳೆಯಾದರೆ ಕೊನೆಯ ಎರಡು ಸುತ್ತು ತಿರುಗಿಸುವಾಗ ಮಣಿಕಟ್ಟು ಬಿಗಿಯುತ್ತದೆ. ಟೊಳ್ಳು ಮೂಳೆಯಾದರೆ ಎರಡೇ ಬೆರಳಲ್ಲಿ ಡ್ರೈವರ್ ತಿರುಗುತ್ತಾ ಹೋಗುತ್ತದೆ. ಆಗಲೇ ಎದೆ ಧಸಕ್ ಅನ್ನುವುದು. ಇಲ್ಲಿ ಜೂನಿಯರ್‌ಗಳಿಗೆ ಎರಡು ಮಾತು ಹೇಳಿಯೇ ಹೇಳುತ್ತೇನೆ. ಸ್ಕ್ರೂ ತಲೆ ಮೂಳೆಗೆ ಒತ್ತಿ ಕೂರುವವರೆಗೆ ತಿರುಗಿಸಬೇಡಿ, ಮೇಲಿನ ಗಟ್ಟಿ ಪದರ ಸೀಳಿ ಇದ್ದ ಹಿಡಿತವೂ ಹೋಗುತ್ತದೆ. ತಲೆಯ ಕಡೆ ದಪ್ಪವಾಗುತ್ತಾ ಹೋಗುವ ಕೋನಿಕಲ್ ಸ್ಕ್ರೂ ಆದರೆ, ಎತ್ತರ ಸರಿಮಾಡಲು ಅಂತ ಸುಮ್ನೆ ಹಿಂದಕ್ಕೆ ತಿರುಗಿಸಲೇಬೇಡಿ.

ಎರಡನೆಯದು ಕಾರ್ಟಿಕಲ್ ದಾರಿ. 2009ರಲ್ಲಿ ಸಾಂಟೋನಿ ಮತ್ತು ಸಂಗಡಿಗರು ಶವದ ಮೂಳೆಗಳ ಮೇಲೆ ಪರೀಕ್ಷಿಸಿ, ಪುಲ್ ಔಟ್ ಬಲ ಮಾಮೂಲಿಗಿಂತ 30 ಶೇಕಡಾ ಜಾಸ್ತಿ ಅಂತ ತೋರಿಸಿದ ಮೇಲೆ ಇದು ಹೆಸರು ಮಾಡಿತು. ಇಲ್ಲಿ ಸ್ಕ್ರೂ ಒಳಗಿನಿಂದ ಹೊರಕ್ಕೆ, ಕೆಳಗಿನಿಂದ ಮೇಲಕ್ಕೆ ಹೋಗುತ್ತದೆ. ಒಳಗಿನ ಟೊಳ್ಳನ್ನು ನಂಬದೆ ಹೊರಗಿನ ಗಟ್ಟಿ ಪದರಗಳನ್ನೇ ಕಚ್ಚುತ್ತದೆ. ಸ್ಕ್ರೂ ಸಣ್ಣದು, ಸುಮಾರು 5 ಮಿಮೀ ದಪ್ಪ. ಗಾಯ ಚಿಕ್ಕದು, ಸ್ನಾಯುವನ್ನು ಅಷ್ಟು ದೂರ ಸರಿಸಬೇಕಿಲ್ಲ, ದಪ್ಪ ಮೈಯವರಲ್ಲಿ ಇದರಷ್ಟು ಆರಾಮ ಬೇರೆ ಇಲ್ಲ. ಡ್ರೈವರ್ ಹಿಡಿದಾಗ ಕೈಗೆ ಸಿಗುವ ಬಿಗಿಯೂ ಖುಷಿ ಕೊಡುತ್ತದೆ. ಆದರೆ ಇಲ್ಲಿ ಸಣ್ಣ ಟ್ಯಾಪ್ ಹಾಕಿದರೆ ಸ್ಕ್ರೂ ಪ್ರವೇಶಿಸುವ ಪಾರ್ಸ್ ಎಂಬ ಹಿಂಬದಿಯ ತೆಳು ಮೂಳೆ ಭಾಗ ಬಿರುಕು ಬಿಡಬಹುದು, ಹಾಗಾಗಿ ಸ್ಕ್ರೂ ಅಳತೆಯದ್ದೇ ಹಾಕುತ್ತೇನೆ. ಪಾರ್ಸ್ ಮೊದಲೇ ಮುರಿದು ಜಾರಿರುವ ಮೂಳೆಗೆ ಈ ದಾರಿ ಬೇಡವೇ ಬೇಡ. ನರದ ಮೇಲಿನ ಮೂಳೆಯನ್ನು ಅಗಲವಾಗಿ ತೆಗೆಯಬೇಕಾದಲ್ಲೂ ಕಷ್ಟ, ಸ್ಕ್ರೂಗೆ ಜಾಗವೇ ಉಳಿಯುವುದಿಲ್ಲ. ಅಕ್ಕಪಕ್ಕದ ಎರಡೇ ಮೂಳೆ ಜೋಡಿಸುವ, ಅಂದರೆ ಒಂದೇ ಹಂತದ ಕೆಲಸಕ್ಕೆ ಮಾತ್ರ ನಾನು ಇದನ್ನು ಆರಿಸುತ್ತೇನೆ.

ಮೂರನೆಯದು ಸಿಮೆಂಟ್. ತುದಿಯ ಬಳಿ ರಂಧ್ರಗಳಿರುವ ಸ್ಕ್ರೂ ಹಾಕಿ, ಅದರೊಳಗಿಂದ ಪಿಎಂಎಂಎ ಎಂಬ ಪ್ಲಾಸ್ಟಿಕ್ ಜಾತಿಯ ಮೂಳೆ ಸಿಮೆಂಟ್ ತುಂಬುವುದು. ಪ್ರತಿ ಸ್ಕ್ರೂಗೆ ಒಂದೂವರೆ ಎರಡು ಎಂಎಲ್ ಸಾಕು. ಅಲ್ಲಾಟ ತಡೆಯುವುದರಲ್ಲಿ, ನನ್ನ ಕೈಗೆ ಸಿಕ್ಕ ಮಟ್ಟಿಗೆ, ಇದನ್ನು ಮೀರಿಸುವುದು ಇಲ್ಲ. ಭಯವೂ ಇದರಲ್ಲೇ ಜಾಸ್ತಿ. ಪುಡಿಗೆ ದ್ರವ ಬೆರೆಸಿದ ಕೂಡಲೇ ಓಟಿ (ಆಪರೇಷನ್ ಕೋಣೆ) ತುಂಬ ಮೂಗಿಗೆ ಹೊಡೆಯುವ ಘಾಟು. ಆತುರಪಟ್ಟು ತೆಳುವಾಗಿರುವಾಗಲೇ ತುಂಬಿದರೆ ರಕ್ತನಾಳಕ್ಕೆ ಹರಿದು ಶ್ವಾಸಕೋಶದವರೆಗೂ ಹೋಗಬಹುದು, ಅಥವಾ ಹಿಂದಕ್ಕೆ ನರದ ಕಡೆಗೆ. ತಡ ಮಾಡಿದರೆ ಸಿರಿಂಜಿನಲ್ಲೇ ಕಲ್ಲಾಗುತ್ತದೆ. ಎಸಿ ಸರಿಯಿಲ್ಲದ ಓಟಿಯಲ್ಲಿ, ಏಪ್ರಿಲ್ ತಿಂಗಳಲ್ಲಿ, ಅದು ಇನ್ನೂ ಬೇಗ ಬಿಗಿಯುತ್ತದೆ. ಅದಕ್ಕೇ ಸಿಸ್ಟರ್ ಒಂದು ಚೂರನ್ನು ಟ್ರೇ ಮೇಲೆ ಇಟ್ಟುಕೊಂಡು ಒತ್ತಿ ನೋಡುತ್ತಾ ಇರುತ್ತಾರೆ. ಆ ಚೂರು ಬಿಸಿಯಾಗಿ ಗಟ್ಟಿಯಾದ ಮೇಲಷ್ಟೇ ಸ್ಕ್ರೂಗಳನ್ನು ಒಂದಕ್ಕೊಂದು ಜೋಡಿಸುವ ರಾಡ್ ಮುಟ್ಟುತ್ತೇನೆ. ತುಂಬುವ ಪ್ರತಿ ಕ್ಷಣ ಸಿ-ಆರ್ಮ್ ಎಂಬ ಓಟಿ ಎಕ್ಸ್‌ರೇ ಯಂತ್ರದ ಪರದೆ ಮೇಲೇ ಕಣ್ಣು. ನೆರಳು ಮೂಳೆಯ ಹಿಂಬದಿಗೆ ಬಂದರೆ ಅಲ್ಲಿಗೇ ನಿಲ್ಲಿಸುವುದು. ಅರಿವಳಿಕೆಯವರಿಗೆ 'ಸಿಮೆಂಟ್ ಹೋಗ್ತಾ ಇದೆ' ಅಂತ ಮೊದಲೇ ಹೇಳಿರಬೇಕು, ಆಕ್ಸಿಜನ್ ಇಳಿದರೆ ಅವರಿಗೇ ಮೊದಲು ಗೊತ್ತಾಗುವುದು. ಮುಂದೆ ಸೋಂಕಾದರೆ ಸ್ಕ್ರೂ ಬಹುತೇಕ ತಿರುಗಿಸಿ ತೆಗೆಯಬಹುದು, ಸಿಮೆಂಟ್ ಮಾತ್ರ ಒಳಗೇ.

ಒಳಗೆ ಹೋಗಿ ಅರಳುವ ಸ್ಕ್ರೂಗಳೂ ಇವೆ. ಬಳಸಿದ್ದೇನೆ, ಹಿಡಿತ ಚೆನ್ನಾಗಿದೆ, ತೆಗೆಯಬೇಕಾಗಿ ಬಂದರೆ ಬೆವರು ಇಳಿಸುತ್ತದೆ.

ಯಾವುದನ್ನು ಆರಿಸುವುದು ಅಂತ ನಾನು ತೀರ್ಮಾನಿಸುವುದು ಓಟಿಯಲ್ಲಿ ಅಲ್ಲ, ಸಿಟಿ ಸ್ಕ್ಯಾನ್ ಮುಂದೆ. ವಯಸ್ಸಾದವರಲ್ಲಿ ಬೆನ್ನು ಸವೆದು ಮೂಳೆ ಮುಳ್ಳು ಬೆಳೆದಿರುತ್ತದೆ, ಅದರಿಂದ ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಪರೀಕ್ಷೆಯ ವರದಿ ಇರುವುದಕ್ಕಿಂತ ಚೆನ್ನಾಗಿ ಬಂದುಬಿಡುತ್ತದೆ. ಸಿಟಿಯಲ್ಲಿ ಸೊಂಟದ ಮೊದಲ ಮೂಳೆ ಎಲ್1 ಒಳಭಾಗದ ಹೌನ್ಸ್‌ಫೀಲ್ಡ್ ಅಳತೆ (ಸಿಟಿಯಲ್ಲಿ ಸಾಂದ್ರತೆ ತೋರಿಸುವ ಅಂಕಿ) 110ಕ್ಕಿಂತ ಕೆಳಗಿದ್ದರೆ ಮೂಳೆ ಟೊಳ್ಳು ಅಂತಲೇ ಹಿಡಿಯುತ್ತೇನೆ. ಕಾಲಿನ ಶಕ್ತಿ ಕುಂದುತ್ತಿಲ್ಲ, ಕಾಯಬಹುದು ಅಂತಾದರೆ ಕೆಲವು ತಿಂಗಳು ಮೊದಲೇ ಮೂಳೆ ಬೆಳೆಸುವ ಟೆರಿಪ್ಯಾರಟೈಡ್ ಇಂಜೆಕ್ಷನ್ ಶುರುಮಾಡುವುದು ಒಳ್ಳೆಯದು. ದಿನಾ ಚುಚ್ಚಿಕೊಳ್ಳಬೇಕು ಅಂದಾಗ ಮನೆಯವರು ಮುಖ ಮಾಡುತ್ತಾರೆ. ಕಾಯಲು ಆಗದವರಿಗೆ ಸಿಮೆಂಟ್.

ಖರ್ಚಿನ ಮಾತೂ ಇದೆ ಅಲ್ವಾ. ರಂಧ್ರದ ಸ್ಕ್ರೂ, ಸಿಮೆಂಟ್, ಅದನ್ನು ತುಂಬುವ ಕಿಟ್ ಎಲ್ಲ ಸೇರಿ ಬಿಲ್ ಬೇಗ ಏರುತ್ತದೆ. ಹಲವು ಮೂಳೆಗಳನ್ನು ಸೇರಿಸಿ ಬಿಗಿಯುವ ಉದ್ದದ ಫಿಕ್ಸೇಷನ್‌ನಲ್ಲಿ ಅಲ್ಲಾಟದ ಹೊಡೆತ ಜಾಸ್ತಿ ಬೀಳುವುದು ಎರಡು ತುದಿಗಳ ಮೇಲೆ, ನಡುವಿನವು ಹೆಚ್ಚುಕಡಿಮೆ ಸುರಕ್ಷಿತ. ಹಾಗಾಗಿ ಎಲ್ಲ ಸ್ಕ್ರೂಗೂ ಸಿಮೆಂಟ್ ತುಂಬುವುದಿಲ್ಲ. ಮೇಲಿನ ಜೋಡಿ, ಕೆಳಗಿನ ಜೋಡಿ, ಅಷ್ಟೇ.