ಗುಮಾಸ್ತನನ್ನು ಕೊಂದ ಎರಡನೇ ಭಾಗ

ಈ ಆನ್‌ಲೈನ್ ಕಾದಂಬರಿಯ ಮೊದಲ ಭಾಗವನ್ನು ರಾತ್ರಿ ಎರಡು ಗಂಟೆವರೆಗೂ ಫೋನ್ ಚಾರ್ಜಿಗೆ ಹಾಕಿಕೊಂಡೇ ಓದಿದ್ದೆ. ರಾಜನ ಕಿರಿಯ ಮಗಳ ಪಾಲಿಗೆ ಒಂದು ಹಾಳು ಗಡಿ ಊರು ಬರುತ್ತದೆ. ಅವಳು ಅದನ್ನು ರಾಜ್ಯವಾಗಿ ಕಟ್ಟುತ್ತಾಳೆ. ಗೊಬ್ಬರದ ಮಣ್ಣು ತೊಳೆದು, ಬೂದಿ ನೀರು ಬೆರೆಸಿ, ಕುದಿಸಿ ಪೆಟ್ಲುಪ್ಪು ತೆಗೆಯುವುದಕ್ಕೇ ಆರು ಅಧ್ಯಾಯ! ಫಿರಂಗಿಯ ಸಿಡಿಮದ್ದಿಗೆ 75 ಪಾಲು ಪೆಟ್ಲುಪ್ಪು, 15 ಇದ್ದಿಲು, 10 ಗಂಧಕ. ಅಷ್ಟು ಕಷ್ಟಪಟ್ಟ ಮದ್ದು ಮಳೆಗೆ ನೆನೆದು ಠುಸ್ ಅಂದಾಗ ನನಗೇ ಹೊಟ್ಟೆ ಉರಿದಿತ್ತು.

ಎರಡನೇ ಭಾಗ ಶುರುವಾಗುವುದೇ ‘ಐದು ವರ್ಷ ಕಳೆದವು’ ಅಂತ. ನೋಡಿದರೆ ಸಾವಿರ ಫಿರಂಗಿ, ಉಗಿಬಂಡಿ ಎಲ್ಲಾ ರೆಡಿ. ಕಬ್ಬಿಣ ಎಲ್ಲಿಂದ ಬಂತು? ಕೂಲಿ ಕೊಟ್ಟವರು ಯಾರು? ಕೇಳಬೇಡಿ. ಪ್ರತಿ ಚೀಲ ಗೋಧಿಗೂ ಗೊಣಗುತ್ತಿದ್ದ ಮುದುಕ ಗುಮಾಸ್ತನನ್ನು ಒಂದೇ ಸಾಲಿನಲ್ಲಿ ಸಾಯಿಸಿದ್ದಾರೆ. ಕಥೆಯ ಜೀವ ಅವನೇ ಅಲ್ವಾ? ಅವನ ಜಾಗಕ್ಕೆ ಆಕಾಶದಿಂದ ಇಳಿದ ದೇವರುಗಳ ಕಾದಾಟ. ಅರ್ಧ ಅಧ್ಯಾಯ ಸುತ್ತ ನಿಂತವರು ಬಾಯಿ ಬಿಟ್ಟು ನೋಡುವುದೇ ಆಯ್ತು. ಪ್ರತಿ ಅಧ್ಯಾಯ ತೆರೆಯಲೂ ಆ್ಯಪ್‌ನ ಕಾಯಿನ್ ಖರ್ಚು ಬೇರೆ.

40ನೇ ಅಧ್ಯಾಯಕ್ಕೆ ಬಿಟ್ಟೆ. ಈಗ ಸುಮ್ನೆ ಹಳೇ ಗುಮಾಸ್ತನ ಗೊಣಗಾಟವನ್ನೇ ಮತ್ತೆ ಓದುತ್ತಿದ್ದೇನೆ.