14 ತಿಂಗಳು, 11 ಫೇಶಿಯಲ್, ಒಂದು ಬೇಡದ ಮಸಾಜ್

ನನ್ನದು ಎಣ್ಣೆ ಚರ್ಮ. ಬೆಳಿಗ್ಗೆ ತೊಳೆದ ಮುಖ ಮಧ್ಯಾಹ್ನದ ಹೊತ್ತಿಗೆ ಜಿಡ್ಡು ಜಿಡ್ಡು. ಹಣೆ, ಗದ್ದದ ಮೇಲೆ ಚರ್ಮದ ಬಣ್ಣದ್ದೇ ಸಣ್ಣ ಗುಳ್ಳೆಗಳು. ಫೋಟೋದಲ್ಲಿ ಕಾಣುವುದಿಲ್ಲ, ಕೈಯಾಡಿಸಿದರೆ ಮಾತ್ರ ಮರಳು ಅಂಟಿಕೊಂಡ ಹಾಗೆ ಸಿಗುತ್ತವೆ. ನನ್ನ ಕೈಯೂ ಸುಮ್ನೆ ಇರುವುದಿಲ್ಲ, ಚಿವುಟಿ ಚಿವುಟಿ ಕಲೆ ಮಾಡಿಕೊಂಡಿದ್ದೆ. ಅದು ಸಾಕಾಗಿ ಮೊಡವೆ ಚರ್ಮಕ್ಕೆಂದೇ ಮಾಡುವ ಫೇಶಿಯಲ್ ಶುರು ಮಾಡಿ 14 ತಿಂಗಳಾಯಿತು.

ಹಬೆ, ಸ್ಯಾಲಿಸಿಲಿಕ್ ಆಸಿಡ್, ಪ್ಯಾಕ್ ಎಲ್ಲ ನಿಮಗೆ ಗೊತ್ತಿರುವುದೇ. ನಾನು ಹೋಗುವುದು ಎಕ್ಸ್‌ಟ್ರಾಕ್ಷನ್‌ಗಾಗಿ, ಅಂದರೆ ಗುಳ್ಳೆ ಒತ್ತಿ ಒಳಗಿರುವುದನ್ನು ತೆಗೆಸಲು. ಫೇಶಿಯಲ್ ಮಾಡುವ ಮೇಡಂ ಎರಡೂ ತೋರುಬೆರಳಿಗೆ ಟಿಶ್ಯೂ ಸುತ್ತಿಕೊಳ್ಳುತ್ತಾರೆ. ದೀಪ ಹತ್ತಿರ ಎಳೆದು, ಗುಳ್ಳೆಯ ಎರಡು ಪಕ್ಕ ಬೆರಳಿಟ್ಟು ಮೊದಲು ಕೆಳಕ್ಕೆ ಅದುಮಿ, ಆಮೇಲೆ ಒಳಕ್ಕೆ ತಳ್ಳುತ್ತಾರೆ. ನಾನು ಮನೆಯಲ್ಲಿ ಉಗುರಿನಿಂದ ಮಾಡುತ್ತಿದ್ದ ಅನಾಹುತಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಬಾಯಿ ಮುಚ್ಚಿರುವ ಗುಳ್ಳೆಗೆ ಸಣ್ಣ ಸೂಜಿಯಿಂದ ಮೇಲೆಯೇ ಒಂದು ಚುಚ್ಚು. ಮೂಗಿನ ಪಕ್ಕ ಬಂದಾಗ ಕಣ್ಣಲ್ಲಿ ನೀರು. "ಬಂತು" ಅಂತ ಮೆಲ್ಲಗೆ ಹೇಳುತ್ತಾರೆ. ಆ ಒಂದು ಮಾತಿಗೆ ಸಿಗುವ ಸಮಾಧಾನವಿದೆಯಲ್ಲ, ಅದು ಚಿವುಟುವ ಚಾಳಿ ಇರುವವರಿಗೇ ಗೊತ್ತು.

ಅವರು ಬಿಡಿಸಿ ಹೇಳುವ ರೀತಿಯೂ ಇಷ್ಟ. ಬ್ಲ್ಯಾಕ್‌ಹೆಡ್ ಕಪ್ಪಗಿರುವುದು ಕೊಳೆಯಿಂದಲ್ಲ, ಅದು ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಮತ್ತು ಗಾಳಿ ತಾಕಿದ ಎಣ್ಣೆಯ ಬಣ್ಣ ಅಂತ ತಿಳಿದ ದಿನವೇ ನನ್ನ ಸ್ಕ್ರಬ್ ಡಬ್ಬಿ ಕಸಕ್ಕೆ ಹೋಯಿತು. ಮೂಗಿನ ಮೇಲಿನ ಬೂದು ಚುಕ್ಕೆಗಳನ್ನು ಅವರು ಮುಟ್ಟುವುದೇ ಇಲ್ಲ. "ಅವು ಎಲ್ಲರಿಗೂ ಇರುತ್ತವೆ, ತೆಗೆದರೂ ತಿಂಗಳೊಳಗೆ ಮತ್ತೆ ತುಂಬಿಕೊಳ್ಳುತ್ತವೆ. ಅದಕ್ಕೆಲ್ಲ ದುಡ್ಡು ಹಾಕಬೇಡಿ" ಅಂದರು. ಆಮೇಲೆ ಮುಖದ ಮೇಲೆ ಆಡಿಸುವ, ಕರೆಂಟಿನಿಂದ ನಡೆಯುವ ನೇರಳೆ ಬೆಳಕಿನ ಗಾಜಿನ ಕಡ್ಡಿ. ಚಿಟಪಟ ಸದ್ದು, ಮಳೆ ಗುಡುಗಿನ ನಂತರದ ಗಾಳಿಯಂಥ ವಾಸನೆ. ಅದರಿಂದ ನನಗೆ ಎಷ್ಟು ಲಾಭವಾಯಿತೋ ಹೇಳಲಾರೆ, ಆದರೆ ಮಜಾ ಇದೆ.

ಇಷ್ಟಾದ ಮೇಲೆ ಮಸಾಜ್. ಹತ್ತು ನಿಮಿಷ, ದಪ್ಪ ಬಿಳಿ ಕ್ರೀಮ್, ದವಡೆಯಿಂದ ಕಿವಿಯವರೆಗೆ ಹೆಬ್ಬೆರಳ ಓಟ. ನಾನು ಪ್ರತಿ ಸಲ ನಿದ್ದೆ ಹೋಗಿದ್ದೇನೆ. ಮೊದಲ ಆರು ಸಲ ಇದೇ ನನ್ನ ಅಚ್ಚುಮೆಚ್ಚಿನ ಭಾಗ.

ಕೆಟ್ಟಿದ್ದೂ ಇಲ್ಲೇ. ಫೇಶಿಯಲ್ ಆದ ವಾರ ಮುಖ ನುಣ್ಣಗೆ. ಮೂರನೇ ವಾರದಿಂದ ದವಡೆಯ ಉದ್ದಕ್ಕೂ ಹೊಸ ಗುಳ್ಳೆ. ನನಗೆ ಯಾವತ್ತೂ ಮೊಡವೆ ಬಂದಿರದ ಜಾಗ ಅದು! ಕೇಳಿದರೆ "ಪರ್ಜಿಂಗ್, ಒಳಗಿದ್ದದ್ದು ಹೊರಗೆ ಬರುತ್ತಿದೆ" ಅಂದರು. ನಂಬಿದೆ. ಹೊರಗೆ ಬಂದದ್ದನ್ನು ತೆಗೆಸಲು ಮತ್ತೆ ಹೋದೆ, ಮತ್ತೆ ಮಸಾಜ್, ಮತ್ತೆ ಗುಳ್ಳೆ. ದುಡ್ಡು ಕೊಟ್ಟು ನೀರಲ್ಲಿ ಹೋಮ ಮಾಡಿಸಿಕೊಂಡ ಹಾಗಾಯಿತು. ನನಗೇನೂ ಧಾರಾಳ ಸಂಬಳವಿಲ್ಲ, ಪ್ರತಿ ಫೇಶಿಯಲ್‌ಗೂ ಬೇರೆ ಯಾವುದೋ ಖರ್ಚು ಕತ್ತರಿಸುತ್ತೇನೆ.

ಗುಟ್ಟು ರಟ್ಟಾದದ್ದು ಕನ್ನಡಿಯಲ್ಲಿ. ಗುಳ್ಳೆಗಳು ಎದ್ದಿದ್ದು ಹೆಬ್ಬೆರಳು ಓಡಿದ ದಾರಿಯಲ್ಲೇ. ಪರ್ಜಿಂಗ್ ಆದರೆ ಮೊದಲಿಂದ ಮೊಡವೆ ಏಳುತ್ತಿದ್ದ ಜಾಗದಲ್ಲಿ ಆಗಬೇಕು, ಅದೂ ಚರ್ಮದ ಪದರ ಬೇಗ ಬದಲಾಗುವಂತೆ ಮಾಡುವ ರೆಟಿನಾಯ್ಡ್, ಆಸಿಡ್‌ನಂಥವುಗಳಿಂದ. ಮಸಾಜ್ ಕ್ರೀಮ್‌ಗೆ ಆ ಕೆಲಸ ಎಲ್ಲಿಂದ ಬರಬೇಕು? ಡಬ್ಬಿ ತಿರುಗಿಸಿ ಓದಿದೆ. ಮೇಲಿನ ಸಾಲಲ್ಲೇ ರಂಧ್ರ ಕಟ್ಟಿಸುತ್ತದೆ ಅಂತ ಹೆಸರಾದ ಕೋಕೋ ಬಟರ್. ಹೀಗೆ ಹಚ್ಚಿದ್ದರಿಂದ ಬರುವ ಮೊಡವೆಗೆ ಚರ್ಮದ ಡಾಕ್ಟರುಗಳು 1972ರಲ್ಲೇ 'ಆಕ್ನೆ ಕಾಸ್ಮೆಟಿಕಾ' ಅಂತ ಹೆಸರಿಟ್ಟಿದ್ದಾರೆ. ರಂಧ್ರ ಕಟ್ಟಿಕೊಂಡು ಗುಳ್ಳೆ ಕಣ್ಣಿಗೆ ಕಾಣಲು ವಾರಗಟ್ಟಲೆ ಬೇಕು, ಅಷ್ಟರಲ್ಲಿ ನಾವು ಮಸಾಜ್ ಮರೆತು ದಿಂಬಿನ ಕವರನ್ನು ಬೈಯುತ್ತಿರುತ್ತೇವೆ.

ಏಳನೇ ಸಲ "ಮಸಾಜ್ ಬೇಡ" ಅಂದೆ. ಮೇಡಂ ಮುಖ ಸಣ್ಣದಾಯಿತು. "ರಿಲ್ಯಾಕ್ಸ್ ಆಗೋದೇ ಅದರಲ್ಲಿ ಅಲ್ವಾ?" ಅಂದರು. ಹೌದು, ಆದರೂ ಬೇಡ. ಮೂರು ವಾರ ಆಯಿತು, ಐದು ವಾರ ಆಯಿತು, ದವಡೆ ಖಾಲಿ. ಮುಂದಿನ ನಾಲ್ಕು ಸಲವೂ ಹಾಗೇ.

ಮೇಡಂ ಮೇಲಿದ್ದ ಕೋಪ ಇಳಿದದ್ದು ಒಂಬತ್ತನೇ ಸಲ. ಆಗ ಗದ್ದದಲ್ಲಿ ಕೆಂಪಗೆ ಊದಿದ ಗಂಟಿತ್ತು. ಒತ್ತಿ ತೆಗೆಯಿರಿ ಅಂತ ಗೋಗರೆದೆ. ಅವರು ಒಪ್ಪಲಿಲ್ಲ. "ಇದನ್ನು ಒತ್ತಿದರೆ ಒಳಗೇ ಒಡೆದು ಕಲೆ ನಿಲ್ಲುತ್ತದೆ, ಡಾಕ್ಟರಿಗೆ ತೋರಿಸಿ" ಅಂದರು. ಡಾಕ್ಟರು ರೆಟಿನಾಯ್ಡ್ ಜಾತಿಯದೇ ಆದ ಅಡಪಲೀನ್ ಜೆಲ್ ಕೊಟ್ಟರು, ಫೇಶಿಯಲ್‌ಗೆ ಕೆಲವು ದಿನ ಮೊದಲೇ ನಿಲ್ಲಿಸಿ ಅಂತಲೂ ಹೇಳಿದರು. ನಿಜ ಹೇಳಬೇಕೆಂದರೆ ಹೊಸ ಗುಳ್ಳೆ ಕಡಿಮೆಯಾದದ್ದು ಆ ಜೆಲ್‌ನಿಂದಲೇ. ಒಂದು ಫೇಶಿಯಲ್ ದುಡ್ಡಿಗೆ ಅದು ಎಷ್ಟೋ ತಿಂಗಳು ಬರುತ್ತದೆ. ಫೇಶಿಯಲ್ ಇರುವುದನ್ನು ತೆಗೆಯುತ್ತದೆ, ಬರುವುದನ್ನು ತಡೆಯುವುದಿಲ್ಲ. ದುಡ್ಡು ಒಂದಕ್ಕೇ ಇದ್ದರೆ ಜೆಲ್ ತಗೊಳ್ಳಿ.

ಆದರೂ ಬಿಟ್ಟಿಲ್ಲ. ಇನ್ನು ಎರಡು ತಿಂಗಳಿಗೊಮ್ಮೆ ಸಾಕು ಅಂದುಕೊಂಡಿದ್ದೇನೆ. ಐದಕ್ಕೆ ಮೂರೂವರೆ, ಎಲ್ಲ ಅಂಕವೂ ಆ ಎರಡು ಬೆರಳಿಗೆ. ಮಸಾಜ್‌ನ ಹತ್ತು ನಿಮಿಷದಲ್ಲಿ ಮೇಡಂ ಈಗ ಬಟ್ಟೆ ಮೇಲಿಂದಲೇ ಹೆಗಲು ಒತ್ತುತ್ತಾರೆ. ನನಗೆ ಮೊದಲಿನಷ್ಟೇ ನಿದ್ದೆ ಬರುತ್ತದೆ.